‘ಎಲೆಕ್ಟ್ರಿಕಲ್ ಬಿಸಿನೆಸ್ ಮಾಡ್ತಾರೆ’ ಅಂದೆ, ಅಪ್ಪ ನಂಬಲಿಲ್ಲ

ಪ್ರಶ್ನೆ: ನನಗೆ 30 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ವೈಟ್‌ಫೀಲ್ಡ್ ಕಡೆ ಆಫೀಸು. ವಾರಕ್ಕೆ ಮೂರು ದಿನ ಹೋಗಬೇಕು, ಮಿಕ್ಕಿದ್ದು ಮನೆಯಿಂದಲೇ. ಅಮ್ಮನ ತವರು ಚಿಂತಾಮಣಿ ಹತ್ತಿರದ ಒಂದು ಹಳ್ಳಿ. ಅಲ್ಲಿ ಅಜ್ಜಿಯದು ಎರಡು ಎಕರೆ ಮಾವಿನ ತೋಪು, ಒಂದು ಬೋರ್‌ವೆಲ್. ಅಜ್ಜಿಗೆ ಹುಷಾರು ತಪ್ಪಿದ ಮೇಲೆ ಶನಿವಾರ, ಭಾನುವಾರ ನಾನೇ ಹೋಗಿ ನೋಡಿಕೊಳ್ಳುತ್ತಿದ್ದೆ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಮೋಟರ್ ಸುಟ್ಟುಹೋಯಿತು. ಅದನ್ನು ಎತ್ತಲು ಬಂದವರೇ ಇವರು. ವಯಸ್ಸು 33, ಐಟಿಐ ಓದಿದ್ದಾರೆ, ಚಿಂತಾಮಣಿಯಲ್ಲಿ ಸ್ವಂತ ಎಲೆಕ್ಟ್ರಿಕಲ್ ಬಿಸಿನೆಸ್ ಇದೆ. ಮೋಟರ್ ರೆಡಿ ಮಾಡಿ ಇಳಿಸಿದ ದಿನ ರಾತ್ರಿ ಹನ್ನೊಂದಾಗಿತ್ತು. ನೀರು ಬಂದ ಮೇಲೆ ಮೊದಲು ಒಂದು ಚೊಂಬು ಹಿಡಿದು ತಂದು ಅಜ್ಜಿಗೆ ಕುಡಿಸಿದರು. ಅಲ್ಲಿಂದ ಶುರು.

ಕಳೆದ ಡಿಸೆಂಬರ್‌ನಲ್ಲಿ ಅಜ್ಜಿ ತೀರಿಕೊಂಡರು. ಆ ಹದಿನೈದು ದಿನ ಇವರಿಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ. ಈಗ ಮದುವೆ ಆಗೋಣ ಅಂತಿದ್ದೇವೆ. ಜಾತಿ ಬೇರೆ. ಅವರ ಮನೆಮಾತು ತೆಲುಗು, ನನಗೆ ಅರ್ಥ ಆಗುತ್ತೆ, ಮಾತಾಡಲು ಬರಲ್ಲ. ನನ್ನ ಕೈಗೆ ತಿಂಗಳಿಗೆ 1.4 ಲಕ್ಷ ಬರುತ್ತೆ. ಅವರಿಗೆ ಬೇಸಿಗೆಯಲ್ಲಿ 70–80 ಸಾವಿರ, ಮಳೆಗಾಲದಲ್ಲಿ 20 ಸಾವಿರವೂ ಕಷ್ಟ. ಅಪ್ಪ ನಿವೃತ್ತ ಬ್ಯಾಂಕ್ ನೌಕರರು. ‘ಎಲೆಕ್ಟ್ರಿಕಲ್ ಬಿಸಿನೆಸ್ ಮಾಡ್ತಾರೆ’ ಅಂದೆ. ‘ಶೋರೂಮ್ ಎಲ್ಲಿದೆ?’ ಅಂತ ಕೇಳಿದರು. ಆಮೇಲೆ ಸೋದರಮಾವನ ಹತ್ತಿರ ವಿಚಾರಿಸಿಕೊಂಡು, ‘ನಿನಗೆ ಎಂಜಿನಿಯರಿಂಗ್ ಓದಿಸಿದ್ದು ಬೋರ್ ರಿಪೇರಿಯವನಿಗೆ ಕೊಡೋಕಾ? ಜಾತಿ ಬಿಟ್ಟು ಮದುವೆ ಆದರೆ ಆಸ್ತಿಯಲ್ಲಿ ಒಂದು ಕಾಸೂ ಇಲ್ಲ, ಕಾನೂನೇ ಹಾಗಿದೆ’ ಅಂದರು. ಅಮ್ಮ ಏನೂ ಮಾತಾಡುತ್ತಿಲ್ಲ. ಇವರ ತಾಯಿ ‘ಸೊಸೆ ಮನೇಲಿರಬೇಕು’ ಅಂತಾರೆ. ಇವರು ಬೆಂಗಳೂರಿಗೆ ಬರಲ್ಲ ಅಂತಾರೆ. ಗೆಳತಿ ‘ಇದು ಹಳ್ಳಿ ಗಾಳಿಯ ಮೋಹ, ಆರು ತಿಂಗಳಿಗೆ ಇಳಿಯುತ್ತೆ. ಹೆಂಡತಿ ಸಂಬಳ ಜಾಸ್ತಿ ಇದ್ದರೆ ಯಾವ ಗಂಡಸೂ ಸಹಿಸಲ್ಲ’ ಅಂತಾಳೆ. ಅಂಗಡಿಯಲ್ಲಿ ಬೇರೆಯವರ ಮುಂದೆ ಅವರು ನನ್ನನ್ನು ಇನ್ನೂ ‘ಮೇಡಂ’ ಅಂತಲೇ ಕರೆಯುತ್ತಾರೆ. ಅದೂ ಒಂಥರಾ ಚುಚ್ಚುತ್ತೆ. ಯಾರ ಮಾತು ನಿಜ? ನಾನು ಏನು ಮಾಡಲಿ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಂಬಳ, ಜಾತಿ, ಆಸ್ತಿ, ಅತ್ತೆ, ಊರು ಅಂತ ಐದಾರು ಪ್ರಶ್ನೆ ಕೇಳಿದ್ದೀರಿ. ಎಲ್ಲದರ ಅಡಿಯಲ್ಲಿ ಇರುವ ಭಯ ಒಂದೇ ಅನಿಸಿತು. ‘ನನ್ನ ಮನಸ್ಸೇ ನನಗೆ ಮೋಸ ಮಾಡ್ತಿದೆಯಾ?’ ಅಲ್ವಾ? ಕೋಲಾರ, ಚಿಕ್ಕಬಳ್ಳಾಪುರ ಇನ್ನೂ ಒಂದೇ ಜಿಲ್ಲೆಯಾಗಿದ್ದ ಕಾಲದಿಂದ, ಅಂದರೆ 2007ಕ್ಕೂ ಮುಂಚಿನಿಂದ ಈ ಕಡೆಯ ದಂಪತಿಗಳ ಮಾತು ಕೇಳುವ ಕೆಲಸ ಮಾಡುತ್ತಿದ್ದೇನೆ. ಈ ಭಯ ಹೊತ್ತು ಬಂದವರಲ್ಲಿ ನೀವು ಮೊದಲಿಗರಲ್ಲ.

ಮಿಕ್ಕಿದ್ದೆಲ್ಲ ಹೇಳುವ ಮುಂಚೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಅಪ್ಪನಿಗೆ ‘ಎಲೆಕ್ಟ್ರಿಕಲ್ ಬಿಸಿನೆಸ್’ ಅಂದಿರಿ. ಅದು ಅರ್ಥ ಆಗುತ್ತದೆ, ಹೆದರಿಕೆ. ಆದರೆ ನನಗೂ ಹಾಗೇ ಬರೆದಿದ್ದೀರಿ. ನಿಮ್ಮನ್ನು ನೋಡಿಯೇ ಇಲ್ಲದ, ನಿಮ್ಮ ಹೆಸರೂ ಗೊತ್ತಿಲ್ಲದ ನನ್ನ ಮುಂದೆ ಯಾಕೆ ಬೇಕಿತ್ತು ಅದು? ಇಡೀ ಪತ್ರದಲ್ಲಿ ‘ಮೋಟರ್ ವೈಂಡಿಂಗ್’ ಅನ್ನುವ ಮಾತೇ ಇಲ್ಲ. ಅವರ ಕಸುಬಿಗೆ ನಿಜವಾದ ಹೆಸರು ಕೊಟ್ಟವರು ನಿಮ್ಮ ಅಪ್ಪ ಒಬ್ಬರೇ. ಅವರೂ ಅದನ್ನು ಬೈಗುಳದ ಹಾಗೆ ಬಳಸಿದರು.

ಅಪ್ಪನ ಸಿಟ್ಟಿನಲ್ಲಿ ಜಾತಿ ಇದೆ, ಅಂತಸ್ತು ಇದೆ, ಸುಳ್ಳಲ್ಲ. ಜೊತೆಗೆ ಮಗಳು ತನ್ನ ಹತ್ತಿರ ಮುಚ್ಚಿಟ್ಟಳು ಅನ್ನುವ ನೋವೂ ಇದೆ. ಬ್ಯಾಂಕಿನಲ್ಲಿದ್ದವರು ಅಂತೀರಿ. ಅಂಥವರಿಗೆ ಅರ್ಜಿಯಲ್ಲಿ ಒಂದು ಕಡೆ ತಪ್ಪು ಕಂಡರೆ ಮಿಕ್ಕಿದ್ದನ್ನೂ ನಂಬುವುದಿಲ್ಲ. ‘ಶೋರೂಮ್ ಎಲ್ಲಿದೆ?’ ಅಂತ ಕೇಳಿದಾಗಲೇ ‘ಶೋರೂಮ್ ಇಲ್ಲ ಅಪ್ಪ, ಸುಟ್ಟ ಮೋಟರ್‌ಗೆ ವೈಂಡಿಂಗ್ ಮಾಡ್ತಾರೆ, ಬೋರ್‌ನಿಂದ ಮೋಟರ್ ಎತ್ತೋದು ಇಳಿಸೋದು ಮಾಡ್ತಾರೆ’ ಅಂದಿದ್ದರೆ ಜಗಳ ಆಗುತ್ತಿತ್ತು. ಆದರೆ ಜಗಳ ಒಂದೇ ವಿಷಯಕ್ಕೆ ಆಗುತ್ತಿತ್ತು.

ಆ ಕಸುಬು ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಆದರೂ ಅಪ್ಪನಿಗೆ ಹೇಳುವಾಗ ಬೇಕಾಗುತ್ತದೆ. ನಮ್ಮ ಕಡೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ನೀರು ಬೇಕಾದರೆ ಸಾವಿರ ಅಡಿ, ಸಾವಿರದ ಇನ್ನೂರು ಅಡಿ ಕೊರೆಯಬೇಕು. ಒಂದೊಂದು ಪೈಪು ಇಪ್ಪತ್ತು ಅಡಿ ಅಂದರೆ ಸಾವಿರ ಅಡಿಗೆ ಐವತ್ತು ಪೈಪು ಬಿಚ್ಚಿ ಎತ್ತಬೇಕು, ಮತ್ತೆ ಐವತ್ತು ಜೋಡಿಸಿ ಇಳಿಸಬೇಕು. ಒಂದು ಕೈ ಜಾರಿದರೆ ಮೋಟರ್, ಪೈಪು, ಕೇಬಲ್ ಎಲ್ಲಾ ಪಾತಾಳಕ್ಕೆ. ಇನ್ನು ವೈಂಡಿಂಗ್. ಸುಟ್ಟ ಕಾಯಿಲ್ ಕಿತ್ತು, ಸ್ಲಾಟ್ ಕ್ಲೀನ್ ಮಾಡಿ, ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕೈಯಲ್ಲೇ ಎಳೆದು ಸುತ್ತಬೇಕು. ಎಷ್ಟು ಸುತ್ತು, ಯಾವ ಗೇಜು ಅನ್ನುವ ಲೆಕ್ಕ ತಪ್ಪುವ ಹಾಗಿಲ್ಲ. ಒಮ್ಮೆ ಇಂಥದೇ ಒಂದು ಅಂಗಡಿಯಲ್ಲಿ ಅರ್ಧ ದಿನ ಕೂತಿದ್ದೆ, ಬೇರೊಂದು ಸಂಸಾರದ ರಾಜಿ ಮಾತಿಗೆ. ಆತ ನಮ್ಮ ಜೊತೆ ಮಾತಾಡುತ್ತಲೇ ತುಟಿಯಲ್ಲಿ ಎಣಿಸುತ್ತಿದ್ದ. ನಾನು ಏನೋ ಕೇಳಿದೆ. ಕೈ ಎತ್ತಿ ತಡೆದ. ‘ಮೂವತ್ತೆಂಟು’ ಅಂದು, ತಂತಿಗೆ ಗಂಟು ಹಾಕಿ, ಆಮೇಲೆ ‘ಹೇಳಿ ಅಕ್ಕ’ ಅಂದ.

ನಿಮ್ಮ ಅಮ್ಮನ ಊರಿಗೆ ಹತ್ತಿರದಲ್ಲೇ ಕೈವಾರ ಇದೆ. ಅಲ್ಲಿನ ಸಂತ, ಯೋಗಿ ನಾರೇಯಣ ತಾತಯ್ಯನವರು ಬಳೆ ಮಾರಿ ಬದುಕಿದವರು. ಇವತ್ತು ಬೆಂಗಳೂರಿನಿಂದ ಕಾರಿನಲ್ಲಿ ಬಂದು ಕೈ ಮುಗಿದು ಹೋಗುತ್ತಾರೆ. ಮನೆಯ ಮಗಳು ಬಳೆ ಮಾರುವವನನ್ನು ಕಟ್ಟಿಕೊಳ್ಳುತ್ತೇನೆ ಅಂದರೆ ಮಾತ್ರ ರಕ್ತದೊತ್ತಡ ಏರುತ್ತದೆ. ಇರಲಿ.

ಈಗ ನಿಮ್ಮ ಗೆಳತಿಯ ಮಾತುಗಳು. ‘ಓದಿನ ಅಂತರ ಇದ್ದರೆ ಬಾಳಲ್ಲ’ ಅಂತ ಬಾಯಿಬಿಟ್ಟು ಹೇಳದಿದ್ದರೂ ಅದೇ ಧ್ವನಿ ಇದೆ. ಇಬ್ಬರೂ ಎಂಜಿನಿಯರ್ ಆಗಿ, ಒಂದೇ ಕಂಪನಿಯಲ್ಲಿದ್ದು, ಒಂದೇ ಕಾರಿನಲ್ಲಿ ನನ್ನ ಹತ್ತಿರ ಬಂದು ಬೇರೆ ಬೇರೆ ಆಟೋದಲ್ಲಿ ವಾಪಸ್ ಹೋದವರು ಇದ್ದಾರೆ. ಡಿಗ್ರಿ ಸಮ ಇದ್ದರೆ ಸಂಸಾರ ಸರಾಗ ಅನ್ನುವುದು ಜಾತಕದ ಗುಣಕೂಟದ ಹಾಗೆ. ಕೂಡಿಬಂದರೆ ಖುಷಿ, ಗ್ಯಾರಂಟಿ ಏನಿಲ್ಲ. ನಾನು ನೋಡಿದ ಹಾಗೆ ತೊಂದರೆ ಕೊಡುವುದು ಓದಿನ ಅಂತರಕ್ಕಿಂತ ದಿನಚರಿಯ ಅಂತರ. ನಿಮಗೆ ಶನಿವಾರ ರಜೆ. ಅವರಿಗೆ ರಜೆ ಅನ್ನುವುದು ಮಳೆ ಬಂದ ದಿನ. ನಿಮ್ಮ ಆಫೀಸಿನ ಕರೆ ರಾತ್ರಿ ಎಂಟಕ್ಕೆ ಮುಗಿಯುತ್ತದೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂತು ಅಂದರೆ ಅವರ ಫೋನು ಎರಡು ಗಂಟೆಗೆ ಬಡಿದುಕೊಳ್ಳುತ್ತದೆ. ‘ಅಣ್ಣಾ, ಸ್ಟಾರ್ಟರ್ ಹಿಡೀತಿಲ್ಲ’ ಅಂತ.

ಸಂಬಳದ ವಿಷಯದಲ್ಲಿ ನಿಮ್ಮ ಗೆಳತಿ ಅರ್ಧ ಸರಿ. ಸಹಿಸದ ಗಂಡಸರು ಇದ್ದಾರೆ, ಬೇಕಾದಷ್ಟು ಜನ. ಆದರೆ ಸಂಬಳ ಹೆಚ್ಚು ಇರುವುದಕ್ಕಿಂತ ಆ ಹಣ ಯಾವ ಬಾಗಿಲಿನಿಂದ ಮನೆಗೆ ಬರುತ್ತದೆ ಅನ್ನುವುದು ಮುಖ್ಯ. ಒಂದು ಉದಾಹರಣೆ ಹೇಳುತ್ತೇನೆ, ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಹೆಂಡತಿ ಒಳ್ಳೆ ಹುದ್ದೆಯಲ್ಲಿದ್ದವರು, ಗಂಡ ಬಡಗಿ. ಪ್ರೀತಿಸಿ ಮದುವೆ. ಎರಡನೇ ವರ್ಷ ಆಕೆ ಸಾಲ ಮಾಡಿ ಗಂಡನಿಗೆ ದೊಡ್ಡ ಅಂಗಡಿ ಹಾಕಿಸಿಕೊಟ್ಟರು. ಹೊಸ ಮಿಷನ್ನು, ಗಾಜಿನ ಬಾಗಿಲು, ಬೋರ್ಡ್ ಮೇಲೆ ಮಗಳ ಹೆಸರು. ಮನಸ್ಸು ಒಳ್ಳೆಯದೇ. ಆದರೆ ಊರಿನವರು ಅದನ್ನು ‘ಆ ಮೇಡಂ ಅಂಗಡಿ’ ಅಂತ ಕರೆಯತೊಡಗಿದರು. ಹದಿನೈದು ವರ್ಷ ಆತನ ಹೆಸರಲ್ಲಿ ಗಿರಾಕಿ ಬರುತ್ತಿದ್ದ ಕಡೆ ಈಗ ಆತ ಕೆಲಸದವನ ಹಾಗೆ ಕಾಣತೊಡಗಿದ. ಕಂತು ಕಟ್ಟುವ ದಿನ ಹತ್ತಿರ ಬಂದರೆ ಮನೆಯಲ್ಲಿ ಮಾತಿಲ್ಲ. ನನ್ನ ಹತ್ತಿರ ಬಂದಾಗ ಆತ ಹೇಳಿದ್ದು ಇಷ್ಟೇ: ‘ಅಕ್ಕ, ನನ್ನ ಹಳೇ ಅಂಗಡಿ ಸೋರುತ್ತಿತ್ತು. ಆದ್ರೆ ನನ್ನದಾಗಿತ್ತು.’

ಹಾಗಾಗಿ ನಿಮಗೆ ನನ್ನ ಸಲಹೆ. ಮದುವೆಯಾದ ಮೊದಲ ಎರಡು ವರ್ಷ ಅವರ ಅಂಗಡಿಗೆ ನಿಮ್ಮ ಸಂಬಳದ ದುಡ್ಡು ಹಾಕಬೇಡಿ. ಅವರು ಕೇಳಿದರೂ ಯೋಚಿಸಿ. ಮನೆ ಖರ್ಚಿಗೆ ಒಂದು ಜಂಟಿ ಖಾತೆ ಮಾಡಿ, ಇಬ್ಬರೂ ದುಡಿಮೆಗೆ ತಕ್ಕ ಪಾಲು ಹಾಕಿ. ನೀವು ಪ್ರತಿ ತಿಂಗಳು, ಅವರು ಬೇಸಿಗೆಯಲ್ಲಿ ಜಾಸ್ತಿ, ಮಳೆಗಾಲದಲ್ಲಿ ಕಡಿಮೆ. ಅವರ ದುಡ್ಡು ವರ್ಷದ ಲೆಕ್ಕದಲ್ಲಿ ನೋಡಬೇಕೇ ಹೊರತು ತಿಂಗಳ ಲೆಕ್ಕದಲ್ಲಲ್ಲ. ಮಳೆಗಾಲದಲ್ಲಿ ‘ಈ ತಿಂಗಳು ಎಷ್ಟು ಬಂತು?’ ಅಂತ ಕೇಳಿದರೆ ಯಾವ ಉತ್ತರವೂ ಸೋಲಿನ ಹಾಗೇ ಕೇಳುತ್ತದೆ.

ಮದುವೆಗೆ ಮುಂಚೆ ಅವರ ಉದ್ರಿ ಪುಸ್ತಕ ನೋಡಿ. ಸುಮ್ನೆ ಹೇಳುತ್ತಿಲ್ಲ. ಈ ಕಸುಬಿನಲ್ಲಿ ಆದಾಯ ಎಷ್ಟು ಅನ್ನುವುದಕ್ಕಿಂತ ಬರಬೇಕಾದ್ದು ಎಷ್ಟು ಅನ್ನುವುದು ದೊಡ್ಡ ಪ್ರಶ್ನೆ. ರೈತ ಟೊಮೆಟೊ ಹಾಕಿ ಕೊಡುತ್ತಾನೆ, ರೇಷ್ಮೆ ಗೂಡು ಮಾರಿ ಕೊಡುತ್ತಾನೆ. ಟೊಮೆಟೊ ರೇಟು ಬಿದ್ದರೆ ಮುಂದಿನ ಬೆಳೆಗೆ ನೋಡೋಣ ಅಂತಾನೆ. ಅಷ್ಟರಲ್ಲಿ ತಾಮ್ರದ ತಂತಿಗೆ ಅಂಗಡಿಯವನಿಗೆ ನಗದು ಕೊಟ್ಟಾಗಿರುತ್ತದೆ. ಆ ಪುಸ್ತಕ ತೆರೆದು ತೋರಿಸಲು ಅವರು ಒಪ್ಪಿದರೆ ಅದು ನೂರು ಸಲ ‘ಐ ಲವ್ ಯೂ’ ಅಂದಿದ್ದಕ್ಕೆ ಸಮ. ನೀವೂ ನಿಮ್ಮ ಕಾರಿನ ಸಾಲ, ಕ್ರೆಡಿಟ್ ಕಾರ್ಡು, ಎಲ್ಲಾ ತೋರಿಸಬೇಕು ಮತ್ತೆ.

ಇನ್ನು ಈ ‘ಮೇಡಂ’. ನಿಮಗೆ ಚುಚ್ಚುತ್ತೆ ಅಂದಿರಿ. ನಾನು ಇದನ್ನು ಅಷ್ಟು ಕೆಟ್ಟದಾಗಿ ಓದುವುದಿಲ್ಲ. ಅಂಗಡಿ ಮುಂದೆ ಟೀ ಕುಡಿಯುತ್ತಾ ಕೂತವರು ನಾಲ್ಕು ಜನ. ಅವರಲ್ಲಿ ಇಬ್ಬರು ನಿಮ್ಮ ಅಮ್ಮನ ಊರಿನವರೇ ಇರಬಹುದು. ಆ ಒಂದು ಪದದಿಂದ ಅವರು ನಿಮ್ಮ ಮರ್ಯಾದೆ ಕಾಯುತ್ತಿದ್ದಾರೆ ಅಂತಲೂ ಇರಬಹುದು. ಆದರೆ ಒಂದು ಸಂಗತಿ ಗಮನಿಸಿ. ಇಬ್ಬರೇ ಇದ್ದು ಜಗಳ ಆದಾಗ ಅವರು ಏನು ಅಂತಾರೆ? ‘ನೀವು ದೊಡ್ಡವರು ಬಿಡಿ ಮೇಡಂ’ ಅನ್ನುವ ಮಾತು ಬಂದರೆ, ಅದು ತಮಾಷೆಯಾಗಿ ಬಂದರೂ, ಆವತ್ತೇ ಕೂತು ಮಾತಾಡಿ. ಒಳಗೆ ಕೀವು ಕಟ್ಟುವುದು ಅಲ್ಲೇ. ನೀವು ‘ಎಲೆಕ್ಟ್ರಿಕಲ್ ಬಿಸಿನೆಸ್’ ಅಂತ ಹೇಳಿಕೊಂಡು ತಿರುಗುತ್ತಿರುವುದು ಅವರ ಕಿವಿಗೆ ಬಿದ್ದಿದೆಯಾ ಅನ್ನುವುದನ್ನೂ ಕೇಳಿ ನೋಡಿ. ಚಿಂತಾಮಣಿ ಚಿಕ್ಕ ಊರು. ನಿಮ್ಮ ಸೋದರಮಾವನನ್ನು ವಿಚಾರಿಸಿದ್ದು ಅಂಗಡಿಗೆ ತಲುಪಿಲ್ಲ ಅಂತ ನನಗೆ ಅನಿಸುವುದಿಲ್ಲ.

‘ಹಳ್ಳಿ ಗಾಳಿಯ ಮೋಹ’ ಅನ್ನುವುದನ್ನು ನಾನು ತಳ್ಳಿಹಾಕುವುದಿಲ್ಲ. ಕಾರಣ ಅಜ್ಜಿ. ಪ್ರೀತಿ ಶುರುವಾದದ್ದು ಅಜ್ಜಿಯ ಕಾಯಿಲೆಯ ಹೊತ್ತಲ್ಲಿ. ಮದುವೆಯ ಮಾತು ಗಟ್ಟಿಯಾದದ್ದು ಅಜ್ಜಿ ಹೋದ ಮೇಲೆ. ದುಃಖದಲ್ಲಿ ಜೊತೆ ನಿಂತವರ ಮೇಲೆ ಹುಟ್ಟುವ ಪ್ರೀತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಪ್ರೀತಿಯೊಳಗೆ ಅಜ್ಜಿ ಇದ್ದಾರೆ, ತೋಪು ಇದೆ, ವಾರವಿಡೀ ಟ್ರಾಫಿಕ್ಕಿನಲ್ಲಿ ಬೆಂದು ಎಚ್ ಕ್ರಾಸ್ ದಾಟಿದ ಮೇಲೆ ಸಿಗುವ ತಣ್ಣನೆ ಗಾಳಿ ಇದೆ. ಇವುಗಳಲ್ಲಿ ಅವರು ಎಷ್ಟು, ಮಿಕ್ಕಿದ್ದೆಷ್ಟು? ಇದನ್ನು ಯೋಚಿಸಿ ಕಂಡುಹಿಡಿಯಲು ಆಗಲ್ಲ, ಇದ್ದು ನೋಡಬೇಕು.

ಎರಡು ವರ್ಷದಲ್ಲಿ ನೀವು ಅವರನ್ನು ನೋಡಿದ್ದು ಹೆಚ್ಚಾಗಿ ಶನಿವಾರ, ಭಾನುವಾರ. ಒಂದು ಏಪ್ರಿಲ್‌ನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ರಜೆ ಹಾಕದೆ ಅಮ್ಮನ ಊರಿನಿಂದಲೇ ಕೆಲಸ ಮಾಡಿ. ಆಫೀಸಿಗೆ ಹೋಗುವ ದಿನ ಅಲ್ಲಿಂದಲೇ ಹೋಗಿ ಬನ್ನಿ. ಅವರು ಮೈಯೆಲ್ಲಾ ಗ್ರೀಸು, ಕೆಸರು ಮಾಡಿಕೊಂಡು ರಾತ್ರಿ ಹತ್ತಕ್ಕೆ ಬಂದು ಊಟಕ್ಕೆ ಕೂತಲ್ಲೇ ತೂಕಡಿಸುವುದನ್ನು ನೋಡಿ. ನಿಮ್ಮ ಮೀಟಿಂಗಿನ ಮಧ್ಯೆ ಕರೆಂಟು ಹೋಗುವುದನ್ನೂ ನೋಡಿ. ಹಾಗೇ ಮಳೆಗಾಲದಲ್ಲಿ ಅವರು ಬೆಂಗಳೂರಿಗೆ ಬಂದು ನಿಮ್ಮ ಗೆಳೆಯರ ಜೊತೆ ಒಂದು ಸಂಜೆ ಕೂರಲಿ. ಆವತ್ತು ‘ಇವರು ಏನು ಮಾಡ್ತಾರೆ?’ ಅಂತ ಯಾರೋ ಕೇಳುತ್ತಾರೆ. ಉತ್ತರ ಯಾರು ಕೊಡುತ್ತೀರಿ, ಏನು ಕೊಡುತ್ತೀರಿ, ಆಗ ನಿಮ್ಮ ಮುಖ ಎತ್ತ ತಿರುಗುತ್ತದೆ? ನನಗೆ ಬರೆದ ಪತ್ರಕ್ಕಿಂತ ಆ ಒಂದು ನಿಮಿಷ ನಿಮಗೆ ಜಾಸ್ತಿ ಹೇಳುತ್ತದೆ.

ಆಸ್ತಿ ವಿಷಯ ಚುರುಕಾಗಿ ಮುಗಿಸುತ್ತೇನೆ, ಯಾಕೆಂದರೆ ಅಪ್ಪ ಹೇಳಿದ ‘ಕಾನೂನು’ ಇವತ್ತು ಇಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದರೆ ಆ ಹಿಂದೂ ವ್ಯಕ್ತಿ ಅವಿಭಕ್ತ ಕುಟುಂಬದಿಂದ ಬೇರೆಯಾದ ಹಾಗೆ ಅನ್ನುವ ಒಂದು ನಿಯಮ ಇತ್ತು. ಈ ಮಾತು ಹುಟ್ಟಿದ್ದು ಬಹುಶಃ ಅಲ್ಲಿಂದ. 1976ರ ತಿದ್ದುಪಡಿಯ ನಂತರ ಇಬ್ಬರೂ ಹಿಂದೂಗಳಾಗಿದ್ದರೆ ಅದು ಅನ್ವಯಿಸುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಯಾವ ಜಾತಿಯವನನ್ನು ಮದುವೆಯಾದಳು ಅಂತ ಕಾನೂನು ಕೇಳುವುದಿಲ್ಲ. ಆದರೆ ಅಪ್ಪ ತಮ್ಮ ಸಂಬಳದಲ್ಲಿ ಕಟ್ಟಿಸಿದ ಮನೆ ಅವರ ಸ್ವಯಾರ್ಜಿತ. ಅದನ್ನು ವಿಲ್ ಮೂಲಕ ಯಾರಿಗಾದರೂ ಬರೆಯಬಹುದು, ನಿಮ್ಮನ್ನು ಬಿಡಬಹುದು. ಅಪ್ಪನ ಬೆದರಿಕೆಗೆ ಕಾನೂನಿನ ಬಲ ಇರುವುದು ಇಷ್ಟಕ್ಕೇ. ಒಂದು ಮಾತು ಮಾತ್ರ, ಈ ಕಾನೂನು ಹಿಡಿದುಕೊಂಡು ಅಪ್ಪನ ಮುಂದೆ ವಾದಕ್ಕೆ ಕೂರಬೇಡಿ. ಅವರು ಹೇಳಿದ್ದು ಆಸ್ತಿಯ ಮಾತೇ ಅಲ್ಲ.

ನೀವು ಕೇಳದೇ ಬಿಟ್ಟ ಆಸ್ತಿ ಒಂದಿದೆ. ಅದು ಆ ಎರಡು ಎಕರೆ. ಅಜ್ಜಿ ವಿಲ್ ಬರೆದಿಲ್ಲದಿದ್ದರೆ, ತಾತ ಮೊದಲೇ ತೀರಿಕೊಂಡಿದ್ದರೆ, ಅದು ಅಜ್ಜಿಯ ಮಕ್ಕಳಿಗೆ ಸಮಪಾಲು. ಅಂದರೆ ನಿಮ್ಮ ಅಮ್ಮನಿಗೆ, ಸೋದರಮಾವನಿಗೆ. ನಿಮಗಲ್ಲ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಬದಲಾಗುವುದು, ಆಗಿದೆಯಾ ವಿಚಾರಿಸಿ. ಆಗುವ ತನಕ ಆ ಬೋರ್‌ಗೆ ನಿಮ್ಮ ಹುಡುಗ ತಮ್ಮ ಕೈಯಿಂದ ಕೇಬಲ್ಲು, ಪೈಪು ಅಂತ ದುಡ್ಡು ಹಾಕುವುದು ಬೇಡ. ಮಾಡಿದ ಕೆಲಸಕ್ಕೆ ಬಿಲ್ ಬರೆಯಲಿ, ನೀವು ದುಡ್ಡು ಕೊಡಿ. ಇಲ್ಲದಿದ್ದರೆ ‘ತೋಪಿನ ಮೇಲೆ ಕಣ್ಣಿಟ್ಟು ಹುಡುಗೀನ ಹಿಡಿದ’ ಅನ್ನುವ ಮಾತು ಊರಿನಲ್ಲಿ ಏಳುವುದಕ್ಕೆ ಒಂದು ವಾರ ಸಾಕು. ಸೋದರಮಾವ ಅದನ್ನು ನಿಮ್ಮ ಅಪ್ಪನಿಗೆ ಮುಟ್ಟಿಸಲು ಒಂದು ಫೋನು ಸಾಕು.

ನಿಮ್ಮ ಪತ್ರದಲ್ಲಿ ಅಪ್ಪ ಪೂರ್ತಿ ಹರಡಿಕೊಂಡಿದ್ದಾರೆ. ಅಮ್ಮನಿಗೆ ಸಿಕ್ಕಿದ್ದು ಒಂದು ಸಾಲು: ‘ಏನೂ ಮಾತಾಡುತ್ತಿಲ್ಲ.’ ಆಕೆ ಹುಟ್ಟಿ ಬೆಳೆದಿದ್ದು ಆ ಮಣ್ಣಿನಲ್ಲಿ. ಮೋಟರ್ ಸುಟ್ಟ ದಿನ ಮನೆಯಲ್ಲಿ ಹೇಗಿರುತ್ತದೆ, ರಿಪೇರಿಯವನು ಬರುವ ತನಕ ದಾರಿ ಹೇಗೆ ಕಾಯುತ್ತಾರೆ ಅಂತ ಅಪ್ಪನಿಗಿಂತ ಆಕೆಗೆ ಗೊತ್ತು. ಅಜ್ಜಿಗೆ ಕುಡಿಸಿದ ಆ ಚೊಂಬು ನೀರಿನ ಕಥೆ ಅಮ್ಮನಿಗೆ ಹೇಳಿದ್ದೀರಾ? ಹೇಳಿಲ್ಲದಿದ್ದರೆ ಅಪ್ಪನ ಹತ್ತಿರ ಮತ್ತೆ ಹೋಗುವ ಮುಂಚೆ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಅದನ್ನು ಹೇಳಿ. ಒಪ್ಪಿಸಬೇಕು ಅಂತ ಹೇಳಬೇಡಿ, ಸುಮ್ನೆ ಹೇಳಿ.

ಅವರ ತಾಯಿಯ ‘ಸೊಸೆ ಮನೇಲಿರಬೇಕು’ ಅನ್ನುವುದಕ್ಕೆ ತಕ್ಷಣ ಸಿಟ್ಟಾಗಬೇಡಿ, ತಕ್ಷಣ ಒಪ್ಪಲೂ ಬೇಡಿ. ಆ ಮಾತಿನಲ್ಲಿ ಏನಿದೆ ಅಂತ ಕೇಳಿ. ಕೆಲವರಿಗೆ ಅದು ಕೆಲಸ ಬಿಡು ಅನ್ನುವ ಆಜ್ಞೆ. ಕೆಲವರಿಗೆ ಬೇರೆಯೇ ಚಿಂತೆ. ಹೀಗೇ ಹಟ ಹಿಡಿದಿದ್ದ ಒಬ್ಬ ಅತ್ತೆಗೆ ಮನೆಯಲ್ಲಿ ಎರಡು ಸೀಮೆ ಹಸು ಇದ್ದವು. ಬೆಳಗ್ಗೆ, ಸಂಜೆ ಡೈರಿಗೆ ಹಾಲು ಹಾಕಬೇಕು, ಮಂಡಿ ನೋವು. ‘ಸೊಸೆ ಮನೇಲಿರಬೇಕು’ ಅಂದರೆ ‘ನನ್ನ ಕೈಲಾಗ್ತಿಲ್ಲ’ ಅಂತ ಅರ್ಥ. ಒಂದು ಹಸು ಮಾರಿ, ಇನ್ನೊಂದಕ್ಕೆ ಪಕ್ಕದ ಮನೆಯ ಹುಡುಗನಿಗೆ ಸಂಬಳ ಕೊಟ್ಟ ಮೇಲೆ ಆ ಮಾತೇ ನಿಂತಿತು. ಕೆಲಸ ಬಿಡು ಅನ್ನುವುದೇ ನಿಜವಾದ ಅರ್ಥ ಅಂತ ಗೊತ್ತಾದರೆ ಅದನ್ನು ತಾಯಿಗೆ ಹೇಳಬೇಕಾದವರು ಮಗ, ನೀವಲ್ಲ. ಮದುವೆಗೆ ಮುಂಚೆ, ನಿಮ್ಮ ಎದುರಿಗೆ. ‘ಆಮೇಲೆ ನೋಡೋಣ ಬಿಡು’ ಅಂತ ಅವರು ಜಾರಿಕೊಂಡರೆ ನಾನಾಗಿದ್ದರೆ ಅಲ್ಲೇ ನಿಲ್ಲುತ್ತಿದ್ದೆ. ಅಂದ ಹಾಗೆ ನಿಮಗೆ ತೆಲುಗು ಅರ್ಥ ಆಗುತ್ತೆ ಅನ್ನುವುದನ್ನು ಮೊದಲ ದಿನವೇ ಅತ್ತೆಗೆ ತಿಳಿಸಿಬಿಡಿ. ಗೊತ್ತಾಗಲ್ಲ ಅಂದುಕೊಂಡು ಅವರೇನೋ ಅಂದು, ಅದನ್ನು ನೀವು ಮೂರು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡು, ಆಮೇಲೆ ನನ್ನಂಥವರ ಹತ್ತಿರ ಬರುವುದು ಬೇಡ.

ಎಲ್ಲಿ ಇರಬೇಕು ಅನ್ನುವುದೇ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಅವರು ಬೆಂಗಳೂರಿಗೆ ಬರಲ್ಲ ಅನ್ನುವುದನ್ನು ಹಟ ಅಂತ ನೋಡಬೇಡಿ. ನಿಮ್ಮ ಕೆಲಸ ಲ್ಯಾಪ್‌ಟಾಪಿನಲ್ಲಿದೆ, ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಅವರ ಕೆಲಸ ಇರುವುದು ಸುತ್ತಲ ಮೂವತ್ತು ಹಳ್ಳಿಯ ಬೋರ್‌ಗಳಲ್ಲಿ. ಯಾವ ತೋಟದಲ್ಲಿ ಎಷ್ಟು ಅಡಿಗೆ ಮೋಟರ್ ಬಿಟ್ಟಿದೆ ಅನ್ನುವುದು ಅವರ ತಲೆಯಲ್ಲಿದೆ. ಬೆಂಗಳೂರಿನಲ್ಲಿ ಅದಕ್ಕೆ ಬೆಲೆ ಇಲ್ಲ. ಅಲ್ಲಿ ಅವರು ಮತ್ತೊಬ್ಬರ ಅಂಗಡಿಯಲ್ಲಿ ಕೂಲಿಗೆ ಕೂರಬೇಕು, ಇಲ್ಲವೇ ಶೂನ್ಯದಿಂದ ಶುರು ಮಾಡಬೇಕು. ಬಡಗಿಯ ಕಥೆ ಹೇಳಿದೆನಲ್ಲ, ಅದೇ ಬೇರೆ ರೂಪದಲ್ಲಿ. ಈ ದಾರಿಯನ್ನು ನಾನು ಹೇಳುವುದಿಲ್ಲ.

ನೀವು ಚಿಂತಾಮಣಿಯಲ್ಲಿ ಮನೆ ಮಾಡಿ ಮೂರು ದಿನ ಓಡಾಡಬಹುದು. ನಂದಗುಡಿ, ಹೊಸಕೋಟೆ ಮೇಲೆ ದಿನಕ್ಕೆ ಎರಡು ಹೊತ್ತು, ವಾರಕ್ಕೆ ಮೂರು ಸಲ. ಹೊಸದರಲ್ಲಿ ಚೆನ್ನಾಗಿರುತ್ತದೆ. ಒಂದು ದಿನ ಕಂಪನಿಯವರು ಐದು ದಿನವೂ ಬನ್ನಿ ಅಂದರೆ? ಮಗು ಆದ ಮೇಲೆ? ಈ ಎರಡಕ್ಕೂ ಈಗಲೇ ಉತ್ತರ ಇರಬೇಕು. ಬಹಳ ಜನ ‘ಮಧ್ಯದಲ್ಲಿ ಹೊಸಕೋಟೆಯಲ್ಲಿ ಇದ್ದುಬಿಡಿ’ ಅಂತ ಹೇಳುತ್ತಾರೆ, ನಿಮಗೂ ಹೇಳಿರುತ್ತಾರೆ. 2023ರಲ್ಲಿ ಮೆಟ್ರೋ ಕಾಡುಗೋಡಿ ತನಕ ಬಂದ ಮೇಲೆ ಈ ಸಲಹೆ ಇನ್ನೂ ಜಾಸ್ತಿಯಾಗಿದೆ. ನನಗೇಕೋ ಇದು ಅಷ್ಟು ಸೇರುವುದಿಲ್ಲ. ಮಧ್ಯದ ಊರು ಇಬ್ಬರಿಗೂ ಪರಊರು. ಅವರು ರಾತ್ರಿ ಎರಡು ಗಂಟೆಯ ಫೋನಿಗೆ ನಲವತ್ತು–ಐವತ್ತು ಕಿಲೋಮೀಟರ್ ಬೈಕ್ ಓಡಿಸಬೇಕು, ನೀವು ಗೊತ್ತಿಲ್ಲದ ಬೀದಿಯಲ್ಲಿ ಒಬ್ಬರೇ ಇರಬೇಕು.

ನನ್ನ ಮಟ್ಟಿಗೆ ಹೆಚ್ಚು ಬಾಳಿಕೆ ಬರುವುದು ಇದು: ಬೆಂಗಳೂರಿನಲ್ಲಿ ಒಂದು ಪಿಜಿ ಅಥವಾ ಸಣ್ಣ ರೂಮು, ವಾರಕ್ಕೆ ಎರಡು ರಾತ್ರಿಗೆ. ಮಿಕ್ಕ ದಿನ ಚಿಂತಾಮಣಿ. ಅತ್ತೆಯ ಮನೆಯಲ್ಲೇ ಆದರೂ ಸರಿ, ಅದೇ ಬೀದಿಯಲ್ಲಿ ಬೇರೆ ಮನೆಯಾದರೂ ಸರಿ. ಖರ್ಚು ಜಾಸ್ತಿ, ನಿಜ. ‘ಮದುವೆಯಾಗಿಯೂ ಗಂಡನ ಬಿಟ್ಟು ಇರ್ತಾಳೆ’ ಅನ್ನುವ ಮಾತೂ ಬರುತ್ತದೆ. ಒಂದು ವರ್ಷ ಅಂತ ಗಡುವು ಹಾಕಿಕೊಂಡು ಮಾಡಿ ನೋಡಿ. ವರ್ಷ ತುಂಬಿದ ದಿನ ಮತ್ತೆ ಕೂತು ಮಾತಾಡಿ. ಗಡುವು ಇಲ್ಲದೆ ‘ಸದ್ಯಕ್ಕೆ ಹೀಗಿರೋಣ’ ಅಂತ ಶುರು ಮಾಡಿದ್ದು ಎಂಟು ವರ್ಷ ಹಾಗೇ ಉಳಿದದ್ದನ್ನು ನೋಡಿದ್ದೇನೆ.

ನಿಮ್ಮ ಅಪ್ಪ ಬಾಯಿಬಿಟ್ಟು ಕೇಳದ, ಆದರೆ ರಾತ್ರಿ ಮಲಗಿದಾಗ ಯೋಚಿಸುವ ಪ್ರಶ್ನೆ ಒಂದಿರುತ್ತದೆ. ‘ಅವನಿಗೆ ಏನಾದರೂ ಆದರೆ?’ ಕರೆಂಟಿನ ಕೆಲಸ, ಭಾರ ಎತ್ತುವ ಕೆಲಸ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಬ್ಯಾಂಕಿನವರಿಗೆ ಉತ್ತರ ಬ್ಯಾಂಕಿನ ಭಾಷೆಯಲ್ಲೇ ಕೊಡಿ. ಒಂದು ಟರ್ಮ್ ಇನ್ಶೂರೆನ್ಸ್, ಒಂದು ಆರೋಗ್ಯ ವಿಮೆ. ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಕೊಡುವ ಸುರಕ್ಷಾ ಬಿಮಾ, 436 ರೂಪಾಯಿಗೆ 2 ಲಕ್ಷದ ಜೀವನ್ ಜ್ಯೋತಿ ಬಿಮಾ ಎರಡೂ ಅವರ ಬ್ಯಾಂಕ್ ಖಾತೆಯಿಂದಲೇ ಆಗುತ್ತವೆ. ದೊಡ್ಡ ಮೊತ್ತವಲ್ಲ, ಆದರೆ ಶುರು. ಅವರ ಹೆಸರಲ್ಲಿ ಒಂದು ಪಿಪಿಎಫ್ ಖಾತೆ, ಬೇಸಿಗೆಯ ದುಡ್ಡು ಅಲ್ಲಿಗೆ. ಅಂಗಡಿಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಇಲ್ಲದಿದ್ದರೆ ಮಾಡಿಸಿ, ಮುಂದೆ ಸಾಲ ಬೇಕಾದಾಗ ನಿಮ್ಮ ಸಂಬಳದ ಚೀಟಿ ತೋರಿಸುವ ಬದಲು ಅವರದ್ದೇ ಕಾಗದ ಇರುತ್ತದೆ. ಇವೆಲ್ಲ ಅವರೇ ಮಾಡಲಿ. ಆ ಕಾಗದಗಳನ್ನು ಹಿಡಿದುಕೊಂಡು ಅಪ್ಪನ ಮುಂದೆ ಕೂತು, ತಮ್ಮ ಕೆಲಸ ಏನು ಅಂತ ಅವರ ಬಾಯಿಂದಲೇ ಹೇಳಲಿ. ಪಕ್ಕದಲ್ಲಿ ಕೂತು ನೀವು ಅದನ್ನು ತಿದ್ದಬೇಡಿ.

ಅಪ್ಪ ಒಪ್ಪಲೇ ಇಲ್ಲ ಅಂದುಕೊಳ್ಳೋಣ. ಜಾತಿ ಬೇರೆ ಅಂದಿರಿ, ಇಬ್ಬರೂ ಹಿಂದೂಗಳು ಅಂದುಕೊಂಡು ಹೇಳುತ್ತೇನೆ. 1955ರ ಹಿಂದೂ ವಿವಾಹ ಕಾಯ್ದೆಗೆ ಜಾತಿ ಅಡ್ಡಿಯಲ್ಲ. ಶಾಸ್ತ್ರ ಮಾಡಿಸಿ ಮದುವೆಯಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬಹುದು. ಶಾಸ್ತ್ರವೇ ಮಾಡದೆ ಬರೀ ಸರ್ಟಿಫಿಕೇಟ್ ತೆಗೆದುಕೊಂಡರೆ ಹಿಂದೂ ಮದುವೆ ಆಗುವುದಿಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದ್ದರಿಂದ ಫೋಟೋ, ಸಾಕ್ಷಿ ಎಲ್ಲಾ ಇರಲಿ. ಶಾಸ್ತ್ರ ಬೇಡ ಅಂದರೆ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ 30 ದಿನದ ನೋಟಿಸು ಕಚೇರಿಯ ಗೋಡೆ ಮೇಲೆ ಬೀಳುತ್ತದೆ, ಮೂರು ಜನ ಸಾಕ್ಷಿ ಬೇಕು. ನೋಟಿಸು ಎಲ್ಲರಿಗೂ ಕಾಣುತ್ತದೆ ಅನ್ನುವುದು ತಲೆಯಲ್ಲಿರಲಿ. ಜಾತಿ ಬೇರೆ, ಅಪ್ಪನಿಗೆ ಇಷ್ಟವಿಲ್ಲ ಅನ್ನುವ ಆಕ್ಷೇಪಣೆಗೆ ಅಲ್ಲಿ ಬೆಲೆ ಇಲ್ಲ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಆಗುವ ಮದುವೆಗೆ ಮನೆಯವರ, ಜಾತಿಯವರ ಅನುಮತಿ ಬೇಕಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಅಪ್ಪ ಬೈದಿದ್ದಾರೆ, ಕೈ ಮಾಡುವ ಬೆದರಿಕೆ ಹಾಕಿಲ್ಲ. ಹೊಡೆಯುವ, ಕೂಡಿಹಾಕುವ ಮಾತು ಎರಡೂ ಮನೆಯ ಕಡೆಯಿಂದ ಯಾರಿಂದ ಬಂದರೂ ಅದನ್ನು ಸಿಟ್ಟು ಅಂತ ಮಾಫಿ ಮಾಡಬೇಡಿ. 112 ಇದೆ, ಮಹಿಳೆಯರಿಗೆ 181 ಇದೆ, ಎಸ್‌ಪಿ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಬಹುದು.

ಓಡಿಹೋಗಿ ಆಗಬೇಕಾದ ಪರಿಸ್ಥಿತಿ ನಿಮ್ಮದಲ್ಲ ಅಂತ ನನಗೆ ಅನಿಸುತ್ತಿದೆ. ಕಾಯುವುದರಲ್ಲಿ ನಷ್ಟವಿಲ್ಲ. ಅಜ್ಜಿಯ ವರ್ಷದ ತಿಥಿ ಕಳೆಯಲಿ. ಅಷ್ಟರಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಎರಡನ್ನೂ ಒಟ್ಟಿಗೆ ನೋಡಿದ ಹಾಗಾಗುತ್ತದೆ.

ಮದುವೆ ದಿನ ಗೊತ್ತು ಮಾಡುವಾಗ ಮಾತ್ರ ಪುರೋಹಿತರ ಪಂಚಾಂಗದ ಜೊತೆ ಅಂಗಡಿಯ ಕ್ಯಾಲೆಂಡರನ್ನೂ ಇಟ್ಟುಕೊಳ್ಳಿ. ಫೆಬ್ರವರಿಯಿಂದ ಮೇ ತನಕ ಬೇಡವೇ ಬೇಡ. ನಮ್ಮ ಕಡೆ ಮದುವೆಗಳೂ ಆಗಲೇ, ಮೋಟರ್ ಸುಡುವುದೂ ಆಗಲೇ. ಕಾರ್ತಿಕದಲ್ಲಿ ಇಡಿ. ಇಲ್ಲದಿದ್ದರೆ ಹಸೆಮಣೆ ಮೇಲೆ ಕೂತಾಗ ಅವರ ಜೇಬಿನಲ್ಲಿ ಫೋನು ಗುಂಯ್ ಅನ್ನುತ್ತದೆ, ಆ ಕಡೆಯಿಂದ ಯಾರೋ ರೈತ ‘ಅಣ್ಣಾ, ಒಂದೇ ಒಂದು ನಿಮಿಷ’ ಅಂತಾನೆ.